ಜೈಲಿನಿಂದ ಬಂದವನಿಗೂ ಒಂದು ವಿಳಾಸ ಬೇಕು: ನಮ್ಮ ಬಡಾವಣೆಯವರಿಗೆ ಬಹಿರಂಗ ಪತ್ರ

ವಿಜಯಪುರದ ನಮ್ಮ ಬಡಾವಣೆಯ ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಮನವಿಗೆ ಸಹಿ ಹಾಕಿದ ಎಲ್ಲರಿಗೂ ನಮಸ್ಕಾರ.

ಜಿಲ್ಲಾಧಿಕಾರಿಗಳಿಗೆ ನೀವು ಕೊಟ್ಟ ಮನವಿಯ ಝೆರಾಕ್ಸ್ ನನ್ನ ಕೈಗೂ ಬಂದಿದೆ. ಪೂರ್ತಿ ಓದಿದೆ. ಜೈಲಿನಿಂದ ಬಂದ ಕುಡುಕರು, ಕಳ್ಳರು ಸಭ್ಯರ ನಡುವೆ ಇರಬಾರದು, ನಾನು ನೋಡಿಕೊಳ್ಳುವ, ಇಂಥವರ ಚಟ ಬಿಡಿಸುವ ಈ ಮನೆಯನ್ನು ಕೂಡಲೇ ಊರ ಹೊರಗೆ ಒಯ್ಯಬೇಕು, ಸುತ್ತ ತಂತಿಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ಕಾವಲು ಇಡಬೇಕು ಎಂದು ಕೇಳಿದ್ದೀರಿ. ಕೆಳಗಿನ ಸಹಿಗಳಲ್ಲಿ ಬಹಳಷ್ಟು ನನಗೆ ಪರಿಚಯದವು. ಹಾಲಿನ ಡೇರಿ ಮುಂದೆ ದಿನಾ ಮಾತಾಡಿಸುವವರು, ಹಬ್ಬಕ್ಕೆ ಹೋಳಿಗೆ ಕಳಿಸುವವರು. ಹಾಗಾಗಿ ಆಫೀಸಿಗೊಂದು ಉತ್ತರ ಬರೆದು ಸುಮ್ನೆ ಕೂರುವ ಬದಲು ನಿಮಗೇ ಬರೆಯುತ್ತಿದ್ದೇನೆ. ಜಿಲ್ಲಾಧಿಕಾರಿಗಳಿಗೂ ಒಂದು ಪ್ರತಿ ಹೋಗುತ್ತದೆ.

ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಕತ್ತಲಾದ ಮೇಲೆ ಟ್ಯೂಷನ್ ಮುಗಿಸಿ ಸೈಕಲ್ ಮೇಲೆ ಬರುವ ಮಗಳಿದ್ದರೆ ಯಾವ ತಾಯಿಗೂ ಜೀವದಲ್ಲಿ ಜೀವ ಇರುವುದಿಲ್ಲ. ಆದರೆ ಮನವಿಯಲ್ಲಿ ಕೆಲವು ಮಾತು ಬರೀ ಗಾಳಿಸುದ್ದಿ. ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ.

ಇದು ಹದಿನೈದು ಹಾಸಿಗೆಯ ಮನೆ. ಗಂಡಸರಿಗೆ ಮಾತ್ರ. (ಹೆಂಗಸರಿಗೂ ಇಂಥದ್ದು ಬೇಕೇ ಬೇಕು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕಾಗುತ್ತದೆ.) ಇಲ್ಲಿ ಇರುವವರಲ್ಲಿ ಕೆಲವರನ್ನು ಕೋರ್ಟು ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ ಬಿಟ್ಟಿದೆ. ಕೆಲವರು ಜಾಮೀನಿನ ಮೇಲೆ ಹೊರಗೆ ಬಂದವರು, ಕೇಸು ಇನ್ನೂ ನಡೆದಿದೆ. ಒಬ್ಬಿಬ್ಬರು ಮಾತ್ರ ವರ್ಷಗಟ್ಟಲೆ ಶಿಕ್ಷೆ ಮುಗಿಸಿ ಸನ್ನಡತೆ ಮೇಲೆ ಬಿಡುಗಡೆಯಾದವರು. ಅಷ್ಟು ಹೊತ್ತಿಗೆ ಅವರ ಅಪ್ಪ-ಅಮ್ಮ ತೀರಿಕೊಂಡು, ಮನೆಯ ಗೋಡೆಯೂ ಬಿದ್ದಿರುತ್ತದೆ. ಎಲ್ಲರಿಗೂ ಸಮಾನವಾದದ್ದು ಒಂದೇ: ಕುಡಿತ, ಇಲ್ಲವೇ ಗಾಂಜಾ, ಇಲ್ಲವೇ ಎರಡೂ. ಮಾಡಿದ ತಪ್ಪಿನ ಹಿಂದೆ ಹೆಚ್ಚಾಗಿ ಅದೇ ಇರುತ್ತದೆ. ಕುಡಿದ ಅಮಲಿನಲ್ಲಿ ಹೊಡೆದಾಟ, ಕುಡಿಯಲು ಕಾಸಿಲ್ಲದೆ ಪಂಪ್‌ಸೆಟ್ಟಿನ ಕೇಬಲ್ ಕದ್ದದ್ದು, ಈ ತರಹ.

ಮಕ್ಕಳ ಮೇಲಿನ ದೌರ್ಜನ್ಯದ, ಅಂದರೆ ಪೋಕ್ಸೊ ಕೇಸಿನವರನ್ನು ನಾವು ತೆಗೆದುಕೊಳ್ಳುವುದಿಲ್ಲ. ಅತ್ಯಾಚಾರದ ಕೇಸಿನವರನ್ನೂ ಇಲ್ಲ. ಅವರಿಗೆ ಚಿಕಿತ್ಸೆ ಬೇಡ ಅಂತ ನನ್ನ ಮಾತಿನ ಅರ್ಥವಲ್ಲ. ಅದಕ್ಕೆ ಬೇರೆ ತರಬೇತಿಯ ಸಿಬ್ಬಂದಿ ಬೇಕು, ಅಂಥವರು ನಮ್ಮಲ್ಲಿಲ್ಲ. ಶಾಲೆ ಪಕ್ಕದ ಮನೆ ಅದಕ್ಕೆ ತಕ್ಕ ಜಾಗವೂ ಅಲ್ಲ. ಇನ್ನು "ಸರ್ಕಾರದ ದುಡ್ಡಲ್ಲಿ ಸಾಕುತ್ತಾರೆ" ಎನ್ನುವ ಮಾತು. ಬಾಡಿಗೆ ದಾನಿಗಳದ್ದು, ಜೋಳ ರೈತರು ಕೊಟ್ಟದ್ದು, ಕೆಲಸಕ್ಕೆ ಹೋಗುವವರು ತಮ್ಮ ಊಟದ ಖರ್ಚು ತಾವೇ ಕಟ್ಟುತ್ತಾರೆ. ಲೆಕ್ಕದ ಪುಸ್ತಕ ಯಾರು ಬೇಕಾದರೂ ನೋಡಬಹುದು.

ಈಗ ಈ ಮನೆ ಯಾಕೆ ಬೇಕು, ಅದೂ ಊರ ಒಳಗೇ ಯಾಕೆ ಬೇಕು ಎನ್ನುವುದಕ್ಕೆ ಬರುತ್ತೇನೆ.

ನಮ್ಮ ದೇಶದಲ್ಲಿ 1958ರಿಂದ ಪ್ರೊಬೇಷನ್ ಕಾಯ್ದೆ ಇದೆ. ಮರಣದಂಡನೆ, ಜೀವಾವಧಿ ಶಿಕ್ಷೆಯಾಗುವಂಥ ಅಪರಾಧ ಬಿಟ್ಟು ಉಳಿದದ್ದಕ್ಕೆ, ಮನುಷ್ಯನ ಸ್ವಭಾವ, ಪರಿಸ್ಥಿತಿ ನೋಡಿ ಜೈಲಿನ ಬದಲು ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ಕೋರ್ಟಿಗಿದೆ. ಎಲ್ಲಿ ಇರಬೇಕು, ಅಮಲು ಪದಾರ್ಥ ಮುಟ್ಟಬಾರದು ಎಂಬ ಷರತ್ತನ್ನೂ ಹಾಕಬಹುದು. ಒಳ್ಳೆಯ ಕಾಯ್ದೆ. ಆದರೆ ಅದರಲ್ಲೇ ಒಂದು ಸಾಲಿದೆ. ತಪ್ಪಿತಸ್ಥನಿಗೆ, ಇಲ್ಲವೇ ಅವನ ಜಾಮೀನುದಾರನಿಗೆ ಖಾಯಂ ವಾಸದ ಜಾಗ ಇರಬೇಕು, ಇಲ್ಲವೇ ಕಾಯಂ ಉದ್ಯೋಗ ಇರಬೇಕು. ಅದು ಮನವರಿಕೆಯಾಗದಿದ್ದರೆ ಬಿಡುವಂತಿಲ್ಲ. ಅಂದರೆ ಏನಾಯಿತು? ಮನೆ ಇದ್ದವನು ಮನೆಗೆ, ಇಲ್ಲದವನು ಜೈಲಿಗೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ನಿಮ್ಮ ಕಣ್ಣಿಗೆ ಕುಡುಕರ ಮನೆಯಾಗಿ ಕಾಣುವ ಈ ಕಟ್ಟಡ ಕೋರ್ಟಿನ ಕಣ್ಣಿಗೆ ಒಂದು ವಿಳಾಸ. ನಾವು ಕೊಡುವುದರಲ್ಲಿ ಮೊದಲನೆಯದು ಅದೇ. ಔಷಧಿ, ಕೌನ್ಸೆಲಿಂಗ್ ಎಲ್ಲ ಆಮೇಲಿನವು.

ಗಾಂಜಾ, ಡ್ರಗ್ಸ್ ಕೇಸಿನಲ್ಲೂ ಹೀಗೇ. 1985ರ ಎನ್‌ಡಿಪಿಎಸ್ ಕಾಯ್ದೆ ಬರೀ ಶಿಕ್ಷೆಯ ಕಾಯ್ದೆ ಅಂತ ಜನ ತಿಳಿದಿದ್ದಾರೆ. ಸ್ವಂತ ಸೇವನೆಗೆ, ಸಣ್ಣ ಪ್ರಮಾಣಕ್ಕೆ ಸಿಕ್ಕಿಬಿದ್ದು ತಪ್ಪಿತಸ್ಥ ಎಂದಾದ ಚಟದವನನ್ನು, ಅವನು ಒಪ್ಪಿದರೆ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸಲು 39ನೇ ಕಲಂನಲ್ಲಿ ಅವಕಾಶವಿದೆ. ಸರ್ಕಾರಿ ಆಸ್ಪತ್ರೆ ಇಲ್ಲವೇ ಸರ್ಕಾರ ಒಪ್ಪಿದ ಸಂಸ್ಥೆಗೆ ಹೋಗಬೇಕು, ಒಂದು ವರ್ಷದ ಒಳಗೆ ಬಂದು ವರದಿ ಕೊಡಬೇಕು. ಕಾನೂನು ಬಾಗಿಲು ತೆರೆದಿಟ್ಟಿದೆ. ಹೋಗಿ ಇರಲು ಜಾಗ ಬೇಕಲ್ವಾ?

ಜಾಮೀನಿನ ಕಥೆ ನಿಮಗೆ ಗೊತ್ತೇ ಇದೆ. ಜಡ್ಜ್ ಸಾಹೇಬರು ಜಾಮೀನು ಕೊಟ್ಟರೂ ಉತಾರ, ಅಂದರೆ ಹೊಲದ ಪಹಣಿ, ಹಿಡಿದುಕೊಂಡು ಬಂದು ಸಹಿ ಹಾಕುವವರು ಬೇಕು. ಹೊಲ ಇಲ್ಲದವನಿಗೆ ಯಾರು ಬರುತ್ತಾರೆ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ನಾಲ್ಕರಲ್ಲಿ ಮೂರು ಪಾಲು. ಎಲ್ಲರೂ ಉತಾರ ಇಲ್ಲದ್ದಕ್ಕೇ ಒಳಗಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಜಾಮೀನು ಸಿಕ್ಕೂ ಒಳಗೇ ಉಳಿದವರ ವಿಷಯವನ್ನು ಸುಪ್ರೀಂ ಕೋರ್ಟೇ ಎತ್ತಿಕೊಂಡಿತು. ಒಂದು ತಿಂಗಳಾದರೂ ಜಾಮೀನು ಪತ್ರ ಸಲ್ಲಿಸಲು ಆಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟುಗಳು ತಾವಾಗಿಯೇ ನೋಡಬೇಕು ಎಂದು 2023ರ ಜನವರಿಯಲ್ಲಿ ಹೇಳಿತು. ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000ದವರೆಗೆ ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. ಇಷ್ಟೆಲ್ಲ ಆದ ಮೇಲೂ ಅವನು ಗೇಟು ದಾಟಿ ಎಲ್ಲಿಗೆ ಹೋಗಬೇಕು ಎನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಒಂದು ಸಂಜೆ ದರ್ಗಾ ಜೈಲಿನ ಕಡೆ ಹೋಗಿ ನಿಂತು ನೋಡಿ. ಕೋರ್ಟಿನ ಆದೇಶ ಬಂದು, ಕಾಗದಪತ್ರ ಮುಗಿಯುವ ಹೊತ್ತಿಗೆ ಹೆಚ್ಚಾಗಿ ಕತ್ತಲಾಗಿರುತ್ತದೆ. ಹೊರಗೆ ಬರುವವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಹಿಡಿದುಕೊಂಡು ಹೋದ ದಿನ ಏನು ಹಾಕಿದ್ದನೋ ಅದೇ ಬಟ್ಟೆ. ಚಳಿಗಾಲದಲ್ಲಿ ಒಳಗೆ ಹೋದವನು ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಸ್ವೆಟರ್ ಬಗಲಲ್ಲಿ ಹಿಡಿದು ಬಂದದ್ದನ್ನು ನಾನು ಕಂಡಿದ್ದೇನೆ. ಮೊಬೈಲ್ ಇದ್ದರೂ ಸಿಮ್ ಸತ್ತಿರುತ್ತದೆ. ಹೆಂಡತಿಯ ನಂಬರು ಬಾಯಿಪಾಠ ಇರುವುದಿಲ್ಲ. ಸಿಂದಗಿ ಕಡೆಯೋ ತಾಳಿಕೋಟೆ ಕಡೆಯೋ ಅವನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಅಷ್ಟರಲ್ಲಿ ಒಳಗೆ ಪರಿಚಯವಾದ ದೋಸ್ತ ಒಬ್ಬ ಟಂಟಂ ಹಿಡಿದು ಬಂದಿರುತ್ತಾನೆ, "ನಡಿ, ಒಂದು ನೈಂಟಿ ಹಾಕೂಣು" ಅಂತ. ಆ ಹೊತ್ತಿನಲ್ಲಿ ಅವನನ್ನು ಪ್ರೀತಿಯಿಂದ ಕರೆಯುವವನು ಜಗತ್ತಿನಲ್ಲಿ ಅವನೊಬ್ಬನೇ.

ಮೊದಲ ಹದಿನೈದು ದಿನ ಬಹಳ ಕೆಟ್ಟವು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಲೆಕ್ಕ ತೆಗೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಂಭವ ಉಳಿದ ಜನರಿಗಿಂತ 12.7 ಪಟ್ಟು ಜಾಸ್ತಿ. ಅಲ್ಲಿ ಮುಖ್ಯ ಕಾರಣ ಡ್ರಗ್ಸ್ ಓವರ್‌ಡೋಸ್. ಒಳಗಿದ್ದ ತಿಂಗಳುಗಳಲ್ಲಿ ಮೈಯ ತಾಳಿಕೆ ಇಳಿದಿರುತ್ತದೆ. ಹೊರಗೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ, ದೇಹ ತಡೆಯುವುದಿಲ್ಲ. ನಮ್ಮ ಕಡೆ ಅಂಥ ಡ್ರಗ್ಸಿಗಿಂತ ದಾರು ಜಾಸ್ತಿ. ಆದರೂ ಅಪಾಯದ ದಿನಗಳು ಅವೇ. ಅದಕ್ಕೇ ನಾವು ಬಿಡುಗಡೆಯ ಸುದ್ದಿ ಸಿಕ್ಕ ಕೂಡಲೇ ಗೇಟಿಗೇ ಹೋಗಿ ಕರೆದುಕೊಂಡು ಬರುತ್ತೇವೆ. ಅವತ್ತು ರಾತ್ರಿ ಉಪದೇಶ ಗಿಪದೇಶ ಏನೂ ಇಲ್ಲ. ಸ್ನಾನ, ರೊಟ್ಟಿ, ನಿದ್ದೆ.

ಚಿಕಿತ್ಸೆ ಅಂದರೆ ಏನು ಮಾಡುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ಕೆಲವು ಹೆಣ್ಣುಮಕ್ಕಳು ಗುಟ್ಟಾಗಿ ಬಂದು, "ಊಟದಾಗ ಹಾಕೂ ಗುಳಿಗಿ ಕೊಡ್ರಿ ಅಕ್ಕಾರ" ಅನ್ನುತ್ತಾರೆ. ಕೊಡುವುದಿಲ್ಲ. ನೀವೂ ಯಾರಿಂದಲೂ ತಂದು ಹಾಕಬೇಡಿ. ಅದು ಡೈಸಲ್ಫಿರಾಮ್ ಎಂಬ ಔಷಧಿ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ ಆಗುತ್ತದೆ, ಜೀವಕ್ಕೂ ಬರಬಹುದು. ಗೊತ್ತಿದ್ದು, ಡಾಕ್ಟರ್ ಕಣ್ಣೆದುರು ತೆಗೆದುಕೊಂಡರೆ ಔಷಧಿ. ಗೊತ್ತಿಲ್ಲದೆ ತಿನ್ನಿಸಿದರೆ ವಿಷ.

ಕುಡಿತ ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯ. ಕೋರ್ಟಿನಿಂದ ನೇರ ಬರುವವರಲ್ಲಿ ನಿನ್ನೆಯವರೆಗೂ ದಿನಾ ಕುಡಿದವರಿರುತ್ತಾರೆ. ಅಂಥವರನ್ನು ನಾವು ಮೊದಲು ಆಸ್ಪತ್ರೆಗೆ ಕಳಿಸುತ್ತೇವೆ, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೊನೆಯ ಗುಟುಕಿನ ನಂತರ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಮೈಯೆಲ್ಲ ಬೆವರು, ನಡುಕ, ಜ್ವರ, ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುವುದು, ಸತ್ತವರು ಬಂದು ಮಾತಾಡಿದಂತಾಗುವುದು. ಮನೆಯವರು "ಗಾಳಿ ಬಡದದ" ಅಂತ ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ. ನಿಂತುಹೋದ ದಾರುವಿಗೆ ಮಿದುಳು ಒದ್ದಾಡುವ ರೀತಿ ಅದು. ಆಸ್ಪತ್ರೆಯಲ್ಲಿ ನಿದ್ದೆಯ ಗುಂಪಿನ ಗುಳಿಗೆಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಕೊಟ್ಟು, ಥಯಾಮಿನ್ ಎಂಬ ಬಿ1 ವಿಟಮಿನ್ ಹಾಕಿದರೆ ಬಹುತೇಕರು ದಾಟಿ ಬರುತ್ತಾರೆ. ತಾಯಿತ ಕಟ್ಟಿಸಬೇಕೆಂದರೆ ಆಮೇಲೆ ಕಟ್ಟಿಸಿ, ನನ್ನದೇನೂ ತಕರಾರಿಲ್ಲ. ಮೊದಲು ಆಸ್ಪತ್ರೆ.

ಮೈ ಸರಿಹೋಗುವುದು ವಾರದ ಕೆಲಸ. ಮನಸ್ಸಿನ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಬೈಠಕ್ ಸಂಜೆ ಏಳಕ್ಕೆ. ಬೇಕಂತಲೇ ಆ ಹೊತ್ತು ಇಟ್ಟಿದ್ದೇವೆ, ಯಾಕೆಂದರೆ ಕಾಲು ತಾವಾಗಿ ಅಂಗಡಿ ಕಡೆ ತಿರುಗುತ್ತಿದ್ದ ಹೊತ್ತು ಅದೇ. ಎಲ್ಲರೂ ಜಮಖಾನೆ ಮೇಲೆ ಕೂತು ಅವತ್ತು ಎಲ್ಲಿ ಮನಸ್ಸು ಜಾರಿತು ಅಂತ ಹೇಳಬೇಕು. ದ್ರಾಕ್ಷಿ ತೋಟದಲ್ಲಿ ಚಾಟ್ನಿ (ಬಳ್ಳಿ ಸವರುವ) ಕೆಲಸಕ್ಕೆ ಹೋಗುವ ಒಬ್ಬ ಹೇಳಿದ: "ಬಟವಡಿ ಕೈಗೆ ಬಂದ ಕೂಡ್ಲೆ ಕೈ ತುರಸ್ತಾವ್ರಿ ಅಕ್ಕಾರ. ರೊಕ್ಕ ಇರದಾಗ ಏನೂ ಅನಸಂಗಿಲ್ಲ." ಪಕ್ಕದಲ್ಲಿದ್ದವರೆಲ್ಲ ತಲೆ ಆಡಿಸಿದರು. ಅವತ್ತಿನಿಂದ ಬಟವಡೆಯ ರೀತಿ ಬದಲಾಯಿತು. ಕೂಲಿ ಬ್ಯಾಂಕ್ ಖಾತೆಗೆ ಹೋಗುತ್ತದೆ, ಅದರಲ್ಲಿ ಒಂದು ಪಾಲು ನೇರ ಹೆಂಡತಿಯ ಖಾತೆಗೆ, ಕೈಗೆ ಬರುವುದು ವಾರದ ಚಹಾ-ಬಸ್ಸಿನ ಖರ್ಚು ಅಷ್ಟೇ. ಯಾವ ಪುಸ್ತಕದಿಂದಲೂ ಬಂದ ಉಪಾಯ ಅಲ್ಲ ಇದು, ಜಮಖಾನೆ ಮೇಲೆ ಹುಟ್ಟಿದ್ದು.

ವಿಠ್ಠಲನ ಮಾಳ, ಅಂದರೆ ತುಳಸಿಮಾಲೆ, ಹಾಕಿಕೊಂಡು ಕುಡಿತ ಬಿಟ್ಟವರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ನೀವು ಅದನ್ನು ಹೇಳಿ, ಇಷ್ಟೆಲ್ಲ ಖರ್ಚು ಯಾಕೆ ಅನ್ನುತ್ತೀರಿ. ಮಾಳ ಹಾಕಿಕೊಂಡವನ ಸುತ್ತ ನೋಡಿ. ಏಕಾದಶಿಗೆ ಭಜನೆ, ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿ, ತಪ್ಪಿ ನಡೆದರೆ "ಮಾಳ ಹಾಕೀದಿ, ಮರತೇನು?" ಅಂತ ಕೇಳುವ ಹಿರಿಯರು. ಅವನು ಒಂಟಿ ಇರುವುದಿಲ್ಲ. ನಮ್ಮ ಬೈಠಕ್ಕೂ ಅದೇ ಮಾಡಲು ನೋಡುತ್ತದೆ. ಆದರೆ ಜೈಲಿಗೆ ಹೋಗಿ ಬಂದವನನ್ನು ಭಜನಾ ಮೇಳದವರೂ ಹತ್ತಿರ ಸೇರಿಸುವುದಿಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆ ಪ್ರಕಾರ ಮದ್ಯದ ಚಟ ಅಂಟಿದ 38 ಜನರಲ್ಲಿ ಒಬ್ಬನಿಗೆ ಏನಾದರೂ ಚಿಕಿತ್ಸೆ ಸಿಗುತ್ತದೆ. ದಾಖಲಾಗಿ ಚಿಕಿತ್ಸೆ ಪಡೆಯುವವನು 180ರಲ್ಲಿ ಒಬ್ಬ. ಕೇಸು ಇರುವವನ ಪಾಳಿ ಅದಕ್ಕೂ ಹಿಂದೆ.

ಬೇಲಿ ಮತ್ತು ಬೀಗದ ಮಾತು. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡಬೇಕು, ಯಾಕೆಂದರೆ ನಮ್ಮ ಊರಲ್ಲಿ ಅದನ್ನು ಮಾಡಿ ನೋಡಿ ಆಗಿದೆ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಾ ಕಳ್ಳರು ಅಂತ ಸರ್ಕಾರವೇ ಪಟ್ಟಿ ಮಾಡಿತು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮುಂದೆ ಈ ಪ್ರಾಂತ್ಯದಲ್ಲಿ ಸೆಟ್ಲ್‌ಮೆಂಟುಗಳು, ಅಂದರೆ ಆ ಜನರನ್ನು ಬೇಲಿಯೊಳಗೆ ಇಡುವ ವಸಾಹತುಗಳು, ಬಂದಾಗ ವಿಜಾಪುರದಲ್ಲೂ ಒಂದು ಆಯಿತು. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಅದರ ಮುಂದಾಳು. ಹುಬ್ಬಳ್ಳಿ, ಗದಗಿನಲ್ಲೂ ಸೆಟ್ಲ್‌ಮೆಂಟುಗಳಿದ್ದವು, ಅಲ್ಲಿಯ ಜನರನ್ನು ನೂಲಿನ ಗಿರಣಿ ಕೆಲಸಕ್ಕೆ ಹಚ್ಚಿದ್ದರು. ಹಾಜರಿ ಕೊಡಬೇಕು, ಪಾಸು ಇಲ್ಲದೆ ಹೊರಗೆ ಕಾಲಿಡುವಂತಿಲ್ಲ. ಶಾಲೆ ಕೊಟ್ಟರು, ಕೆಲಸ ಕೊಟ್ಟರು, ಸುಧಾರಣೆ ಅಂತ ಕರೆದರು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅಲ್ಲಿ ಹುಟ್ಟಿದವರ ಮೊಮ್ಮಕ್ಕಳು ಇವತ್ತಿಗೂ ಬಾಡಿಗೆ ಮನೆ ಕೇಳಲು ಹೋದಾಗ ಏನು ಕೇಳಿಸಿಕೊಳ್ಳುತ್ತಾರೆ ಅಂತ ಅವರನ್ನೇ ಕೇಳಿ. ಕರ್ನಾಟಕದಲ್ಲಿ 1961ರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಇನ್ನೊಂದು ಬಂತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ರಿಜಿಸ್ಟರುಗಳಲ್ಲಿ ಜಾತಿಯ ಕಾಲಂ ತೆಗೆದುಹಾಕಿ ಎಂದು ಹೇಳಬೇಕಾಯಿತು. ಬೇಲಿ ಕಿತ್ತು ಎಪ್ಪತ್ತು ವರ್ಷವಾದ ಮೇಲೆ! ಒಮ್ಮೆ ಬೇಲಿ ಹಾಕಿದರೆ ಒಳಗಿದ್ದವನ ಹೆಸರು ಬೇಲಿಯಿಂದ ಹೊರಗೆ ಬರುವುದಿಲ್ಲ. ನಮ್ಮ ಮನೆಯನ್ನು ಊರ ಹೊರಗೆ ಒಯ್ದರೆ ಅದು ಚಿಕ್ಕ ಸೆಟ್ಲ್‌ಮೆಂಟ್ ಆಗುತ್ತದೆ. ಅದಕ್ಕೆ ನಾನು ಕೈ ಹಚ್ಚುವುದಿಲ್ಲ.

ಬೀಗ ಹಾಕಲು ಕಾನೂನೂ ಬಿಡುವುದಿಲ್ಲ. ಕುಡಿತದ ಚಟಕ್ಕೆ ಸಂಬಂಧಿಸಿದ ತೊಂದರೆಗಳೂ 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೆ ಬರುತ್ತವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಬೇಕು, ಸರಪಳಿ ಕಟ್ಟುವುದು ನಿಷಿದ್ಧ. ಕೆಲವು ಕಡೆ ವ್ಯಸನಮುಕ್ತಿ ಅಂತ ಬೋರ್ಡು ಹಾಕಿ ಕೋಣೆಯಲ್ಲಿ ಕೂಡಿಹಾಕಿ ಹೊಡೆಯುತ್ತಾರೆ, ಮನೆಯವರು ಅದಕ್ಕೂ ದುಡ್ಡು ಕೊಡುತ್ತಾರೆ. ಅಲ್ಲಿಂದ ಬಂದವರನ್ನು ಕಂಡಿದ್ದೇನೆ. ಬೀಗ ತೆಗೆದ ದಿನವೇ ಕುಡಿಯುತ್ತಾರೆ. ನಮ್ಮ ಗೇಟಿಗೆ ರಾತ್ರಿ ಚಿಲಕ ಇದೆ, ನಿಮ್ಮ ಮನೆಗೆ ಇದ್ದಂತೆ. ಸರ್ಕಾರವೇ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ನಡೆಸುತ್ತಿದೆ. ಶಿಕ್ಷೆ ಇನ್ನೂ ಮುಗಿಯದವರು ಅಲ್ಲಿ ಹೊಲದ ಕೆಲಸ ಮಾಡುತ್ತಾರೆ.

ಎಳ್ಳ ಅಮವಾಸ್ಯೆ ರಾತ್ರಿಯ ಗಲಾಟೆ ನಿಮಗೆಲ್ಲ ನೆನಪಿದೆ. ಮನವಿಗೆ ಮೂಲ ಅದೇ ಅಂತ ನನ್ನ ಅಂದಾಜು. ಹೊಲಕ್ಕೆ ಚರಗ ಚೆಲ್ಲಲು ರಜೆ ತೆಗೆದುಕೊಂಡು ಊರಿಗೆ ಹೋದ ನಮ್ಮ ಮನೆಯವನೊಬ್ಬ ಕುಡಿದು ಬಂದ. ಕಿರಾಣಿ ಅಂಗಡಿ ಕಟ್ಟೆ ಮೇಲೆ ಕೂತು ಹೋಗಿಬರುವವರಿಗೆಲ್ಲ ಬೈದ. ಯಾರೋ ವಿಡಿಯೊ ಮಾಡಿ ವಾಟ್ಸ್ಆ್ಯಪಿಗೆ ಹಾಕಿದಿರಿ. ವಿಡಿಯೊ ಮುಗಿದ ಮೇಲಿನದ್ದು ನಿಮಗೆ ಗೊತ್ತಿಲ್ಲ. ಅವನನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಹೋದವರು ಅದೇ ಮನೆಯ ಇಬ್ಬರು. ರಾತ್ರಿಯೇ ಅವನನ್ನು ಆಸ್ಪತ್ರೆಗೆ ಒಯ್ದೆವು. ಬೆಳಗ್ಗೆ ಪ್ರೊಬೇಷನ್ ಆಫೀಸರಿಗೆ ಲಿಖಿತವಾಗಿ ತಿಳಿಸಿದೆವು. ಅವನ ರಜೆಗಳು ರದ್ದಾದವು. ಅವನೇ ಹೋಗಿ ಅಂಗಡಿಯವರ ಕ್ಷಮೆ ಕೇಳಿ ಬಂದ. ಮನೆಯಿಂದ ಹೊರಗೆ ಹಾಕಲಿಲ್ಲ. ಈಗಲೂ ಇಲ್ಲೇ ಇದ್ದಾನೆ. ಮತ್ತೆ ಕುಡಿಯುವುದಿಲ್ಲ ಅಂತ ಬಾಂಡ್ ಪೇಪರ್ ಮೇಲೆ ಬರೆದುಕೊಡು ಅಂದರೆ ನಾನು ಬರೆದುಕೊಡಲಾರೆ. ಈ ರೋಗದಲ್ಲಿ ಜಾರುವುದು ಸಾಮಾನ್ಯ. ಜಾರಿದ ಕೂಡಲೇ ಬೀದಿಗೆ ತಳ್ಳಿದರೆ ಅವನು ನಿಮ್ಮ ಬೀದಿಗೇ ಬರುತ್ತಾನೆ, ಅದೂ ಲೆಕ್ಕ ಕೇಳುವವರಿಲ್ಲದೆ. ಆದರೆ ಮನೆಯೊಳಗೆ ದಾರು ತಂದವನು, ಯಾರ ಮೇಲಾದರೂ ಕೈ ಎತ್ತಿದವನು ಅದೇ ದಿನ ಹೊರಗೆ. ವರದಿ ಕೋರ್ಟಿಗೆ. ಈ ನಿಯಮ ಗೋಡೆ ಮೇಲೆ ಬರೆದಿದೆ, ಜಾರಿಯೂ ಆಗಿದೆ.

ಕುಡಿದು ಗಲಾಟೆ ಮಾಡಿದ್ದಕ್ಕೆ ಈಗ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ 24 ಗಂಟೆಯವರೆಗೆ ಸಾದಾ ಸಜೆ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ ಅಂತಿದೆ. ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ವಾಪಸ್ ಕೊಟ್ಟವನಿಗೂ ಸಮುದಾಯ ಸೇವೆಯೇ. ಸಂಬಳ ಇಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಸ ಮೊಣಕಾಲುದ್ದ ಬೆಳೆದಿದೆ. ಅದನ್ನೂ ಅಂಥ ಕೆಲಸದ ಪಟ್ಟಿಗೆ ಸೇರಿಸಿ ಅಂತ ನಾವೆಲ್ಲ ಕೂಡಿ ಕೇಳಬಹುದಲ್ವಾ?

ಸಹಿ ಹಾಕಿದ ಒಬ್ಬ ನಿವೃತ್ತ ಶಿಕ್ಷಕರು ನನ್ನನ್ನು ಎದುರಿಗೇ ಕೇಳಿದರು: "ಕಳಕೊಂಡವರ ಕಡೆ, ಏಟು ತಿಂದವರ ಕಡೆ ನೀವು ಯಾವಾಗ ಮಾತಾಡತೀರಿ?" ಮನವಿಯಲ್ಲಿರುವ ಎಲ್ಲ ಮಾತಿಗಿಂತ ಈ ಪ್ರಶ್ನೆ ದೊಡ್ಡದು. ಪ್ರೊಬೇಷನ್ ಕೊಡುವಾಗಲೇ ನಷ್ಟವಾದವರಿಗೆ ಪರಿಹಾರ ಕೊಡು ಎಂದು ಕೋರ್ಟು ಹೇಳಬಹುದು, 5ನೇ ಕಲಂ ಇರುವುದೇ ಅದಕ್ಕೆ. ಹಾಗೆ ಹೇಳಿದ್ದರೆ ಕೂಲಿಯಿಂದ ಆ ಪಾಲು ಮೊದಲು ಹೋಗುತ್ತದೆ, ಊಟದ ಖರ್ಚು ಆಮೇಲೆ. ಇನ್ನು ಏಟು ತಿಂದವರು ಅಂದರೆ ಹೆಚ್ಚಿನ ಸಲ ಅವನ ಹೆಂಡತಿಯೇ. ಇವನು ಸುಧಾರಿಸಿದ ಅಂತ ನಮಗೆ ಅನ್ನಿಸಿದರೆ ಸಾಲದು. ಮನೆಗೆ ಕಳಿಸುವ ಮೊದಲು ನಮ್ಮ ಒಬ್ಬ ಅಕ್ಕ ಆಕೆಯ ತವರಿಗೆ ಹೋಗಿ, ಅತ್ತೆ-ಮಾವ ಇಲ್ಲದ ಕಡೆ ಕೂತು ಕೇಳುತ್ತಾಳೆ. ಬೇಡ ಅಂದರೆ ಬೇಡ. ಅವನಿಗೆ ಬೇರೆ ಕೋಣೆ ನೋಡುತ್ತೇವೆ. "ಗಂಡ ಬಂದಾನ, ಹೊಂದಿಕೊಂಡು ಹೋಗವ್ವಾ" ಅಂತ ಪಂಚಾಯಿತಿ ಮಾಡಲು ನಾವು ಯಾರು? ಆಕೆ ಬೇಡ ಅಂದದ್ದಕ್ಕೆ ಅವನ ಅಣ್ಣ-ತಮ್ಮಂದಿರು ಬಂದು ನಮಗೇ ಬೈದು ಹೋದದ್ದೂ ಇದೆ.

ಸೈಟಿನ ರೇಟು ಬಿದ್ದುಹೋಗುತ್ತದೆ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹಿಂದಿನ ಮೂಲೆ ಸೈಟು ದೀಪಾವಳಿಗೆ ಯಾವ ರೇಟಿಗೆ ಹೋಯಿತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಜಿಲ್ಲಾಧಿಕಾರಿಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಬಿಡುಗಡೆಯಾಗುವವನಿಗೆ ಹೋಗಲು ಮನೆ ಇದೆಯೇ ಎಂದು ಜೈಲು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಪ್ರೊಬೇಷನ್ ಕಚೇರಿ ಕೂಡಿ ಮೊದಲೇ ನೋಡುವಂತೆ ಒಂದು ಕ್ರಮ ಮಾಡಿಸಿ. ಶಿಕ್ಷೆ ಮುಗಿಯುವವರ ತಾರೀಖು ಮೊದಲೇ ಗೊತ್ತಿರುತ್ತದೆ, ಅಂಥವರನ್ನಾದರೂ ಬೆಳಗ್ಗೆ, ಬಸ್ಸು ಇರುವ ಹೊತ್ತಿಗೆ ಕಳಿಸಲಿ. ಒಳಗಿರುವಾಗಲೇ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಕೆವೈಸಿ ಸರಿಮಾಡಿಸಲು ಒಂದು ಶಿಬಿರ ಆಗಲಿ. ಎಷ್ಟೋ ಜನರ ಹೆಸರು ಅಷ್ಟರಲ್ಲಿ ರೇಷನ್ ಕಾರ್ಡಿನಿಂದ ಹೋಗಿರುತ್ತದೆ. ಕಾರ್ಡಿಲ್ಲ, ಖಾತೆಯಿಲ್ಲ, ಸಿಮ್ ಇಲ್ಲ ಅಂದಮೇಲೆ ಅವನಿಗೆ ಕೆಲಸ ಕೊಡಲು ಮನಸ್ಸಿದ್ದವರೂ ಕೊಡಲಾರರು.

ನಿಮ್ಮಲ್ಲಿ ತೋಟ ಇದ್ದವರು ಇದ್ದೀರಿ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ಇದ್ದವರೂ ಇದ್ದೀರಿ. ನಿಮಗೆ ಒಂದೇ ಮಾತು. ಕೆಲಸ ಮುಗಿದ ದಿನ ಖುಷಿಗೆ ಕ್ವಾರ್ಟರ್ ಕೊಡಿಸುವ ರೂಢಿ ಇದೆಯಲ್ಲ, ನಮ್ಮವರಿಗೆ ಅದನ್ನು ಮಾಡಬೇಡಿ. ಅಷ್ಟೇ ದುಡ್ಡಿಗೆ ಅವರ ಮಕ್ಕಳಿಗೆ ನೋಟ್‌ಬುಕ್ ಕೊಡಿಸಿ. ರಾತ್ರಿ ಎಂಟಾದರೂ ಯಾರಾದರೂ ಮನೆಗೆ ಬಾರದಿದ್ದರೆ ನಾನೇ ಫೋನ್ ಮಾಡುತ್ತೇನೆ, ದಯವಿಟ್ಟು ಎತ್ತಿ.

ಮನವಿ ವಾಪಸ್ ತೆಗೆದುಕೊಳ್ಳಿ ಅಂತ ನಾನು ಕೇಳುವುದಿಲ್ಲ. ಅದು ನಿಮ್ಮ ಹಕ್ಕು. ಬರುವ ರವಿವಾರ ಸಂಜೆ ಐದಕ್ಕೆ ಮನೆಗೆ ಬನ್ನಿ. ಡಾಕ್ಟರೂ ಪ್ರೊಬೇಷನ್ ಆಫೀಸರೂ ಬರಲು ಒಪ್ಪಿದ್ದಾರೆ. ಹಾಜರಿ ಪುಸ್ತಕ, ಲೆಕ್ಕದ ಪುಸ್ತಕ, ಯಾವ ಕೇಸಿನವರನ್ನು ತೆಗೆದುಕೊಳ್ಳುತ್ತೇವೆ ಎಂಬ ನಿಯಮ ಎಲ್ಲ ಮೇಜಿನ ಮೇಲೆ ಇರುತ್ತದೆ. ಇರುವವರ ಹೆಸರು, ಕೇಸಿನ ವಿವರ ಮಾತ್ರ ತೋರಿಸುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವಂತಿಲ್ಲ. ಮನೆಯ ಸಮಿತಿಗೆ ಬಡಾವಣೆಯಿಂದ ಇಬ್ಬರು ಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಮನವಿ ಬರೆದವರೇ ಮುಂದೆ ಬಂದರೆ ಇನ್ನೂ ಒಳ್ಳೆಯದು, ಕೇಳಬೇಕಾದ ಪ್ರಶ್ನೆಗಳನ್ನು ಅವರು ಆಗಲೇ ಬರೆದಿಟ್ಟಿದ್ದಾರೆ. ಚಪ್ಪಲಿ ಬಿಡಲು ಪಡಸಾಲೆ ಸಣ್ಣದು, ಪಕ್ಕದ ಶೆಡ್ಡಿನಲ್ಲಿ ಬಿಡಿ.

ಇಂತಿ,
ನಿಮ್ಮ ಬಡಾವಣೆಯವಳೇ ಆದ,
ಆ ಮನೆಯ ಮೇಲ್ವಿಚಾರಕಿ